ಫಾಲೋವರ್ ಲೆಕ್ಕವಾ, ಪೋಸ್ಟ್ ಲೆಕ್ಕವಾ, ಫೋನ್ ಲೆಕ್ಕವಾ? ಮೂರನ್ನೂ ಮಾಡಿ ನೋಡಿದ್ದೇವೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೋನ್ ಲೆಕ್ಕಕ್ಕೆ. ಅಂದ್ರೆ ನಮ್ಮ ಪೋಸ್ಟರ್ ನೋಡಿ ಎಷ್ಟು ಜನ ಫೋನ್ ಮಾಡಿದರು ಅನ್ನುವ ಲೆಕ್ಕ. ಅದಕ್ಕೆ ಬೇಕಾದದ್ದು 40 ರೂಪಾಯಿಯ ಒಂದು ನೋಟ್‌ಬುಕ್. ಈ ಬುದ್ಧಿ ಬರುವ ಮೊದಲು ನಾವು 9,600 ರೂಪಾಯಿ ಕೊಟ್ಟು ಬೇರೆ ಒಂದನ್ನು ತೆಗೆದುಕೊಂಡಿದ್ದೆವು. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಉಡುಪಿಯ ಸಣ್ಣ ರಕ್ತದಾನಿಗಳ ಬಳಗ. ಆಫೀಸಿಲ್ಲ, ಯಾರಿಗೂ ಸಂಬಳವಿಲ್ಲ. ಮಣಿಪಾಲ, ಅಜ್ಜರಕಾಡು, ಮಂಗಳೂರು ಅಂತ ಆಸ್ಪತ್ರೆಗಳಲ್ಲಿ ರಕ್ತ ಬೇಕಾದವರಿಗೆ ದಾನಿಗಳನ್ನು ಹುಡುಕಿ ಕೊಡುತ್ತೇವೆ, ವರ್ಷಕ್ಕೆ ನಾಲ್ಕೈದು ಶಿಬಿರ ಮಾಡುತ್ತೇವೆ. ಸೋಶಿಯಲ್ ಮೀಡಿಯಾ ನೋಡಿಕೊಳ್ಳುವವರು ಆರು ಜನ. ಇಬ್ಬರು ಕಾಲೇಜು ಮಕ್ಕಳು, ಕಾಪುವಿನಲ್ಲಿ ಟೈಲರಿಂಗ್ ಮಾಡುವ ಅಕ್ಕ, ಮಲ್ಪೆಯಲ್ಲಿ ಬೋಟಿಗೆ ಹೋಗುವ ಒಬ್ಬ ಹುಡುಗ, ರಿಟೈರ್ ಆದ ಮಾಸ್ಟ್ರು, ಮತ್ತೆ ನಾನು. ನಾನು ಸೊಸೈಟಿಯೊಂದರಲ್ಲಿ ಕ್ಲಾರ್ಕ್.

ಎರಡು ವರ್ಷ ಗುರಿ ಅಂತ ಏನೂ ಇರಲಿಲ್ಲ. ಮನಸ್ಸು ಬಂದವರು ಮನಸ್ಸು ಬಂದಾಗ ಹಾಕುತ್ತಿದ್ದರು. ಒಂದು ಮೀಟಿಂಗಿನಲ್ಲಿ ಮಾಸ್ಟ್ರು ಕೇಳಿದರು, "ಇಷ್ಟೆಲ್ಲ ಹಾಕ್ತೇವಲ್ಲ, ಇದರಿಂದ ಎಂತಾದ್ರೂ ಪ್ರಯೋಜನ ಉಂಟಾ ಮಾರಾಯ್ರೆ, ಅಥವಾ ಸುಮ್ನೆ ಬೆರಳು ಆಡಿಸುವುದಾ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಗುರಿ ಇಡುವ ಹುಚ್ಚು ಶುರುವಾದದ್ದು ಅಲ್ಲಿಂದ.

ಮೊದಲು ಹಿಡಿದದ್ದು ಫಾಲೋವರ್ ಲೆಕ್ಕ. ಮೂರು ತಿಂಗಳಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಸಾವಿರ ಹೊಸ ಫಾಲೋವರ್. ಕೇಳಲಿಕ್ಕೆ ಚಂದ, ಅಳೆಯಲಿಕ್ಕೆ ಸುಲಭ. ಇದಕ್ಕೆಂದೇ ಆ 9,600 ರೂಪಾಯಿಯ ಡ್ಯಾಶ್‌ಬೋರ್ಡ್, ಅಂದ್ರೆ ಅಕೌಂಟಿನ ಅಂಕಿಗಳನ್ನೆಲ್ಲ ಒಂದೇ ಕಡೆ ತೋರಿಸುವ ಸಾಫ್ಟ್‌ವೇರ್, ತೆಗೆದುಕೊಂಡೆವು, ವರ್ಷದ ಹಣ ಒಟ್ಟಿಗೇ ಕಟ್ಟಿ. ಬಣ್ಣ ಬಣ್ಣದ ಗ್ರಾಫ್ ಬರುತ್ತಿತ್ತು. ಪ್ರೊಫೆಷನಲ್ ಅಕೌಂಟ್ ಮಾಡಿಕೊಂಡರೆ ಅದರಲ್ಲಿದ್ದ ಮುಕ್ಕಾಲು ಪಾಲು ಅಂಕಿ ಇನ್‌ಸ್ಟಾಗ್ರಾಮೇ ಬಿಟ್ಟಿಯಾಗಿ ತೋರಿಸುತ್ತದೆ ಅಂತ ಆಮೇಲೆ ಗೊತ್ತಾಯಿತು.

ಗುರಿ ಮುಟ್ಟಿದೆವಾ? ಹತ್ತಿರ ಹೋದೆವು. ಹೇಗೆ ಅಂದ್ರೆ ಹುಲಿವೇಷದಿಂದ. ವಿಟ್ಲಪಿಂಡಿಯ ದಿನ, ಅಂದ್ರೆ ಕೃಷ್ಣಾಷ್ಟಮಿಯ ಮರುದಿನದ ಮೊಸರುಕುಡಿಕೆಯಂದು, ನಮ್ಮ ಕಾಲೇಜು ಹುಡುಗ ರಥಬೀದಿಯಲ್ಲಿ ನಿಂತು 22 ಸೆಕೆಂಡಿನ ಒಂದು ರೀಲು ತೆಗೆದ. ತಾಸೆ ಡೋಲಿನ ಬಡಿತಕ್ಕೆ ಸರಿಯಾಗಿ ಹುಲಿ ತಿರುಗುತ್ತದೆ, ನಿಜಕ್ಕೂ ಒಳ್ಳೆಯ ರೀಲು. ನಾಲ್ಕು ದಿನದಲ್ಲಿ ಏಳುನೂರು ಜನ ಬಂದರು. ಕೆಳಗೆ ಕಾಮೆಂಟು ನೋಡಿದರೆ ದುಬೈ, ಮುಂಬೈ, ಬಹರೈನ್. "ಊರಿನ ನೆನಪಾಯ್ತು" ಅಂತ ಬರೆದವರೇ ಜಾಸ್ತಿ. ಅವರ ಮೇಲೆ ನನಗೆ ಕೋಪವಿಲ್ಲ, ಪಾಪ. ಆದರೆ ಮುಂದಿನ ವಾರ ಮಣಿಪಾಲದಲ್ಲಿ ಒ ನೆಗೆಟಿವ್ ಬೇಕಾದಾಗ ಹಾಕಿದ ಪೋಸ್ಟಿಗೆ ಬಿದ್ದದ್ದು ಹದಿನಾಲ್ಕು ಲೈಕು, ಎರಡು ಕೈಮುಗಿಯುವ ಗುರುತು. ಕೊನೆಗೆ ರಕ್ತ ಕೊಟ್ಟದ್ದು ಕಲ್ಯಾಣಪುರದಲ್ಲಿರುವ ಮಾಸ್ಟ್ರ ಹಳೆಯ ಶಿಷ್ಯ. ಅವನಿಗೆ ಇನ್‌ಸ್ಟಾಗ್ರಾಮೇ ಇಲ್ಲ.

ಡ್ಯಾಶ್‌ಬೋರ್ಡ್ ಮಾತ್ರ ಆ ತಿಂಗಳು ಹಸಿರು ಬಾಣ ತೋರಿಸಿತು.

ಎರಡನೆಯದು ಪೋಸ್ಟ್ ಲೆಕ್ಕ. ಒಬ್ಬೊಬ್ಬರು ವಾರಕ್ಕೆ ಮೂರು ಪೋಸ್ಟ್ ಹಾಕಬೇಕು. ಫಾಲೋವರ್ ಬರುವುದು ನಮ್ಮ ಕೈಯಲ್ಲಿಲ್ಲ, ಪೋಸ್ಟ್ ಹಾಕುವುದು ನಮ್ಮ ಕೈಯಲ್ಲಿದೆ, ಹಾಗಾಗಿ ಇದು ನ್ಯಾಯದ ಲೆಕ್ಕ ಅಂದುಕೊಂಡೆವು. ಶುರುವಿನ ಮೂರು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಭಾನುವಾರ ರಾತ್ರಿ ಒಂಬತ್ತೂವರೆಗೆ ಮೂರೂ ಪೋಸ್ಟ್ ಸಾಲಾಗಿ ಬರತೊಡಗಿದವು. ಅದರಲ್ಲಿ ಎರಡು ದಾಸವಾಳದ ಹೂವಿನ ಶುಭೋದಯ. ರಾತ್ರಿ ಒಂಬತ್ತೂವರೆಗೆ ಶುಭೋದಯ!

ಅದಕ್ಕಿಂತ ಬೇಸರದ್ದು ಮಲ್ಪೆಯ ಹುಡುಗನ ಕಥೆ. ಬೋಟು ಕಡಲಿಗೆ ಹೋದರೆ ಎಂಟು ಹತ್ತು ದಿನ ಅವನಿಗೆ ನೆಟ್‌ವರ್ಕ್ ಇಲ್ಲ. ನಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಪಟ್ಟಿಯನ್ನು ಗ್ರೂಪಿಗೆ ಹಾಕುತ್ತಿದ್ದದ್ದು ನಾನೇ. ಅವನು ಏನೂ ಹೇಳಲಿಲ್ಲ, ಮೆಲ್ಲಗೆ ಗ್ರೂಪಿನಿಂದ ಹೊರಗೆ ಹೋದ. ಮನೆಗೆ ಹೋಗಿ ಕರೆದುಕೊಂಡು ಬರಬೇಕಾಯಿತು. "ಅಣ್ಣ, ಜೂನ್ ಒಂದರಿಂದ ಜುಲೈ ಮುಗಿಯುವ ತನಕ ಬೋಟಿಗೆ ರಜೆ. ಆಗ ಕೇಳಿ, ಎಲ್ಲರದ್ದೂ ನಾನೊಬ್ಬನೇ ಮಾಡ್ತೇನೆ" ಅಂದ. ಮಾತು ಸರಿಯೇ. ಮೀನುಗಾರಿಕೆ ನಿಷೇಧದ ಆ 61 ದಿನ ಬಂದರಿನವರೆಲ್ಲ ಮನೆಯಲ್ಲೇ ಇರುತ್ತಾರೆ. ಜೂನ್ 14ರ ವಿಶ್ವ ರಕ್ತದಾನಿಗಳ ದಿನವೂ ಅದರ ನಡುವೆಯೇ ಬರುತ್ತದೆ. ವರ್ಷವಿಡೀ ಒಂದೇ ಅಳತೆ ಇಟ್ಟ ನಮಗೆ ಇದು ಹೊಳೆದಿರಲಿಲ್ಲ.

ಮಧ್ಯದಲ್ಲಿ ಕಾಲೇಜು ಹುಡುಗಿ ಒಕೆಆರ್ ಅಂತ ಗುರಿ ಇಡುವ ಒಂದು ಪದ್ಧತಿ ತಂದಳು, ದೊಡ್ಡ ಗುರಿ ಒಂದು, ಅದು ಎಷ್ಟಾಯಿತು ಅಂತ ಅಳೆಯುವ ಅಂಕಿ ಕೆಲವು. ಇಂಟೆಲ್‌ನಲ್ಲಿ ಆಂಡಿ ಗ್ರೋವ್ ಶುರು ಮಾಡಿದ್ದು, 1999ರಲ್ಲಿ ಜಾನ್ ಡೋರ್ ಗೂಗಲಿಗೆ ಕಲಿಸಿದ್ದು ಅಂತೆಲ್ಲ ಚೆನ್ನಾಗಿ ವಿವರಿಸಿದಳು. ಅದರಲ್ಲಿ ನೂರಕ್ಕೆ ಎಪ್ಪತ್ತು ಮುಟ್ಟಿದರೂ ಗೆದ್ದ ಹಾಗೆ. ಕಾಪುವಿನ ಅಕ್ಕ ಕೇಳಿದರು, "ಎಪ್ಪತ್ತೇ ಸಾಕಾದ್ರೆ ಮೊದಲೇ ಎಪ್ಪತ್ತು ಅಂತ ಬರೆಯಬಹುದಲ್ವಾ?" ಅಲ್ಲಿಗೆ ಅದು ನಿಂತಿತು.

ಆದರೆ ಅವಳೇ ತೋರಿಸಿದ ಇನ್ನೊಂದು ವಿಷಯ ಉಪಯೋಗಕ್ಕೆ ಬಂತು. ಸ್ಮಾರ್ಟ್ (SMART) ಗುರಿ ಅನ್ನುತ್ತಾರಲ್ಲ, ಒಳ್ಳೆಯ ಗುರಿ ಹೇಗಿರಬೇಕು ಅಂತ ಒಂದೊಂದು ಅಕ್ಷರಕ್ಕೆ ಒಂದೊಂದು ಮಾತು ಹೇಳುವುದು, ಅದನ್ನು ಜಾರ್ಜ್ ಡೋರನ್ ಅನ್ನುವವರು 1981ರಲ್ಲಿ ಬರೆದಾಗ ಅದರೊಳಗಿನ 'ಎ' ಅಕ್ಷರಕ್ಕೆ ಇದ್ದ ಅರ್ಥ 'ಯಾರಿಗೆ ವಹಿಸಿದ್ದು' ಅಂತ. 'ಸಾಧಿಸಲು ಆಗುವಂಥದ್ದು' ಅನ್ನುವ ಅರ್ಥ ಬಳಕೆಗೆ ಬಂದದ್ದು ಆಮೇಲೆ. ನಮ್ಮಲ್ಲಿ ಎಡವಟ್ಟಾದದ್ದು ಸರಿಯಾಗಿ ಅಲ್ಲೇ. ಸಾವಿರ ಫಾಲೋವರ್ ಅಂದೆವು, ಯಾರು ತರಬೇಕು ಅಂತ ಹೇಳಲೇ ಇಲ್ಲ.

ಹಾಗಾಗಿ ಫೋನ್ ಲೆಕ್ಕ. ಒಬ್ಬೊಬ್ಬರಿಗೆ ಒಂದು ಅಕ್ಷರ. ಕಾಪುವಿನ ಅಕ್ಕನಿಗೆ ಕ, ಮಲ್ಪೆಯವನಿಗೆ ಮ. ಅಕ್ಕ ಮಾಡಿದ ನಾಲ್ಕನೇ ಪೋಸ್ಟರ್ ಕ-4, ಆ ಗುರುತು ಪೋಸ್ಟರಿನ ಮೇಲೆಯೇ ಇರುತ್ತದೆ. ಯಾರಾದರೂ ಫೋನ್ ಮಾಡಿದರೆ ನಾವು ಕೇಳುವುದು ಒಂದೇ, "ಪೋಸ್ಟರಿನಲ್ಲಿ ರಕ್ತದ ಗುಂಪಿನ ಪಕ್ಕ ಎಂತ ಬರೆದುಂಟು?" ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕುವುದು. ಮೂರು ತಿಂಗಳಿಗೆ ಒಬ್ಬೊಬ್ಬರು ಹತ್ತು ಹೊಸ ದಾನಿಗಳಿಂದ ಫೋನ್ ಬರಿಸಬೇಕು. ಯಾವ ತಿಂಗಳು ಜಾಸ್ತಿ, ಯಾವ ತಿಂಗಳು ಕಡಿಮೆ ಅನ್ನುವುದು ಅವರವರ ಇಷ್ಟ.

ಮೂರು ತಿಂಗಳು ಯಾಕೆ ಅಂದ್ರೆ, ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ ಕೊಡಲಿಕ್ಕೆ 90 ದಿನ ಕಾಯಬೇಕು, ಹೆಂಗಸರು 120 ದಿನ. ತಿಂಗಳ ಗುರಿ ಇಟ್ಟರೆ ಎರಡನೇ ತಿಂಗಳು ಅದೇ ಜನರನ್ನು ಸುಮ್ನೆ ಪೀಡಿಸಿದ ಹಾಗಾಗುತ್ತದೆ. ಯೂನಿಟ್ ಲೆಕ್ಕ, ಅಂದ್ರೆ ಎಷ್ಟು ಬಾಟಲಿ ರಕ್ತ ಸಿಕ್ಕಿತು ಅನ್ನುವ ಲೆಕ್ಕ, ಯಾಕಲ್ಲ ಅಂತ ಮಾಸ್ಟ್ರು ಕೇಳಿದ್ದರು. ಬಂದವರ ತೂಕ 45 ಕೆಜಿ ಇಲ್ಲದಿದ್ದರೆ, ಹಿಮೋಗ್ಲೋಬಿನ್ 12.5 ಇಲ್ಲದಿದ್ದರೆ ಅವರನ್ನು ವಾಪಸು ಕಳಿಸುತ್ತಾರೆ. ಅದು ಪೋಸ್ಟರ್ ಮಾಡಿದವರ ತಪ್ಪಲ್ಲವಲ್ಲ. ಫೋನ್ ಬರುವ ತನಕ ಅವರ ಕೆಲಸ, ಆಮೇಲಿನದ್ದು ಬೇರೆಯವರದ್ದು.

ಇದರಲ್ಲಿ ತೊಂದರೆ ಇಲ್ಲವಾ ಅಂದ್ರೆ, ಒಂದಿತ್ತು. ಅದು ಆರು ತಿಂಗಳು ನಮ್ಮ ತಲೆ ತಿಂದಿತು.

ನಮ್ಮ ಕಡೆ ಎಲ್ಲವೂ ಓಡುವುದು ವಾಟ್ಸಾಪಿನಲ್ಲಿ. ಇನ್‌ಸ್ಟಾಗ್ರಾಮಿಗೆ ಹಾಕಿದ ಪೋಸ್ಟರನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಭಜನಾ ಮಂಡಳಿಯ ಗ್ರೂಪಿಗೆ ಹಾಕುತ್ತಾರೆ, ಅಲ್ಲಿಂದ ಯಕ್ಷಗಾನದ ಗ್ರೂಪಿಗೆ, ಅಲ್ಲಿಂದ ಕ್ರಿಕೆಟ್ ಟೀಮಿಗೆ. ಚಿತ್ರ ಹೋಗುತ್ತದೆ, ಲಿಂಕ್ ಹಿಂದೆಯೇ ಉಳಿಯುತ್ತದೆ. ನಮ್ಮ 9,600 ರೂಪಾಯಿಯ ಡ್ಯಾಶ್‌ಬೋರ್ಡಿಗೆ ಇದು ಯಾವುದೂ ಕಾಣುವುದಿಲ್ಲ. ಅದರ ಲೆಕ್ಕದಲ್ಲಿ ಆ ಪೋಸ್ಟರನ್ನು ನೋಡಿದವರು ಇನ್ನೂರು ಜನ. ಉಡುಪಿಯಿಂದ ಕುಂದಾಪುರದವರೆಗೆ ಅದೆಷ್ಟು ಫೋನಿನಲ್ಲಿ ಇತ್ತೋ ದೇವರೇ ಬಲ್ಲ.

ಚಿತ್ರ ಹೋದರೆ ಹೋಗಲಿ, ಅದರಲ್ಲಿ ತಾರೀಕು ಇರಲಿಲ್ಲ. ನಮ್ಮ ನಂಬರಿನ ಜೊತೆ ರೋಗಿಯ ಮನೆಯವರ ನಂಬರೂ ಇತ್ತು. ಒಮ್ಮೆ ಬಿ ನೆಗೆಟಿವ್ ಬೇಕು ಅಂತ ಹಾಕಿದ್ದೆವು, ಎರಡೇ ದಿನದಲ್ಲಿ ಸಿಕ್ಕಿತು. ನಾಲ್ಕು ತಿಂಗಳಾದ ಮೇಲೆ ಆ ನಂಬರಿನ ಹೆಂಗಸು ನನಗೆ ಫೋನ್ ಮಾಡಿದರು. ಧ್ವನಿ ಬಹಳ ತಗ್ಗಿತ್ತು. "ಸರ್, ಇವತ್ತೂ ಇಬ್ಬರು ಫೋನ್ ಮಾಡಿದ್ರು, ರಕ್ತ ಸಿಕ್ಕಿತಾ ಅಂತ. ಅವರು ತೀರಿಕೊಂಡು ಮೂರು ತಿಂಗಳಾಯ್ತು ಸರ್. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯ್ತು." ನಾನು ಕ್ಷಮೆ ಕೇಳಿದೆ. ಬೇರೆ ಏನು ಹೇಳುವುದು? ಫೋನ್ ಮಾಡಿದವರು ಒಳ್ಳೆಯವರೇ, ಸಹಾಯ ಮಾಡಲಿಕ್ಕೇ ಮಾಡಿದ್ದು. ನಮ್ಮ ನೋಟ್‌ಬುಕ್ಕಿನ ಪ್ರಕಾರ ನೋಡಿದರೆ ಅವೆರಡೂ 'ಯಶಸ್ಸು'. ಅವತ್ತು ಆ ಪುಟ ನೋಡಲಿಕ್ಕೆ ನನಗೆ ನಾಚಿಕೆಯಾಯಿತು.

ಆವತ್ತಿನಿಂದ ಮೂರು ಬದಲಾವಣೆ ಮಾಡಿದೆವು. ಮನೆಯವರ ನಂಬರ್ ಇಲ್ಲ, ನಮ್ಮ ಬಳಗದ ನಂಬರ್ ಮಾತ್ರ. 'ಈ ತಾರೀಕಿನ ತನಕ ಮಾತ್ರ' ಅಂತ ರಕ್ತದ ಗುಂಪಿನಷ್ಟೇ ದೊಡ್ಡ ಅಕ್ಷರದಲ್ಲಿ. ತಾರೀಕು ಮುಗಿದ ಮೇಲೆ ಬಂದ ಫೋನ್ ಗುರಿಯ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಅವರ ಹೆಸರು, ರಕ್ತದ ಗುಂಪು ಕೇಳಿ ಮುಂದಿನ ಸಲಕ್ಕೆ ಬರೆದಿಟ್ಟುಕೊಳ್ಳುತ್ತೇವೆ. ಗುರುತಿನ ಅಕ್ಷರ ಮೊದಲು ಪೋಸ್ಟರಿನ ತಳದಲ್ಲಿತ್ತು, ಸ್ಟೇಟಸ್‌ಗೆ ಹಾಕುವವರು ಅದನ್ನು ಕತ್ತರಿಸಿಬಿಡುತ್ತಿದ್ದರು. ಈಗ ನಟ್ಟ ನಡುವೆ, ರಕ್ತದ ಗುಂಪಿಗೆ ತಾಗಿಕೊಂಡೇ ಇದೆ.

ಆದರೂ ನಾಲ್ಕರಲ್ಲಿ ಒಬ್ಬರು "ಯಾರೋ ಹೇಳಿದ್ರು" ಅನ್ನುತ್ತಾರೆ. ಅದಕ್ಕೆ 'ಗೊತ್ತಿಲ್ಲ' ಅಂತ ಒಂದು ಕಾಲಂ ಇದೆ. ಜಗಳವಾಗುವುದಾದರೆ ಅಲ್ಲಿಯೇ. ಕಾಲೇಜು ಮಕ್ಕಳಿಬ್ಬರೂ ಅದನ್ನು ತಮ್ಮದು ಅನ್ನುತ್ತಾರೆ.

ಫೇಸ್‌ಬುಕ್ ಬಗ್ಗೆ ಒಂದೇ ಮಾತು. ನಲವತ್ತು ದಾಟಿದ ದಾನಿಗಳು ಇನ್ನೂ ಅಲ್ಲೇ ಇದ್ದಾರೆ, ಬಿಡಬೇಡಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್, ಅಂದ್ರೆ ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ, ಮಾಡುವುದಾದರೆ ನೆನಪಿರಲಿ, ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ.

ಹಾಗಾದರೆ ಫಾಲೋವರ್ ಲೆಕ್ಕ ಯಾರಿಗೂ ಬೇಡವಾ? ಹಾಗೇನಿಲ್ಲ. ಊರೂರಿನಿಂದ ದೇಣಿಗೆ ಎತ್ತುವ ದೊಡ್ಡ ಸಂಸ್ಥೆ, ಸಂಬಳದ ಜನ, ಹಣ ಕೊಡುವವರಿಗೆ ವರದಿ ತೋರಿಸಬೇಕು ಅಂತಿದ್ದರೆ ಡ್ಯಾಶ್‌ಬೋರ್ಡ್ ಇರಲಿ. ಆ ಹುಲಿವೇಷದ ದುಬೈಯವರು ಅಂಥವರಿಗೆ ನಿಜಕ್ಕೂ ಬೇಕಾದವರು. ಪೋಸ್ಟ್ ಲೆಕ್ಕವೂ ಹೊಸಬರಿಗೆ ಕೈ ಪಳಗುವ ತನಕ ಒಂದು ತಿಂಗಳು ಸರಿ. ನನಗೆ ಸಿಗುವುದು ಭಾನುವಾರ ಊಟವಾದ ಮೇಲೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಗೀಟು ಎಣಿಸಬಹುದು, ಗ್ರಾಫ್ ಓದಲಿಕ್ಕೆ ಆಗುವುದಿಲ್ಲ.

ಕಳೆದ ಮೂರು ತಿಂಗಳಲ್ಲಿ ಹತ್ತು ಮುಟ್ಟಿದವರು ಇಬ್ಬರೇ. ಮಲ್ಪೆಯವನದ್ದು ಹದಿನೇಳು, ಎಲ್ಲವೂ ಬೋಟಿನ ರಜೆಯಲ್ಲಿ ಬಂದದ್ದು. ಕಾಪುವಿನ ಅಕ್ಕನದ್ದು ಹನ್ನೊಂದು. ಅಂಗಡಿಗೆ ಬ್ಲೌಸ್ ಅಳತೆ ಕೊಡಲು ಬಂದವರಿಗೆಲ್ಲ ಪೋಸ್ಟರ್ ತೋರಿಸಿ, "ಮನೆಯಲ್ಲಿ ಗಂಡಸರು ಇದ್ದಾರಲ್ಲ, ಫೋನ್ ಮಾಡ್ಲಿಕ್ಕೆ ಹೇಳಿ" ಅನ್ನುತ್ತಾರಂತೆ. ಅದನ್ನು ಸೋಶಿಯಲ್ ಮೀಡಿಯಾ ಲೆಕ್ಕಕ್ಕೆ ಹಿಡಿಯಬೇಕಾ ಬೇಡವಾ ಅಂತ ಮಾಸ್ಟ್ರು ಇನ್ನೂ ವಾದ ಮಾಡುತ್ತಿದ್ದಾರೆ. ನಾನಂತೂ ಗೀಟು ಹಾಕಿಯಾಯಿತು.