ಪಿಪಿಒಗೆ ಹೊಂದಿಸಲು ಆಧಾರ್ ತಿದ್ದಿಸಿ ಕೆಟ್ಟೆ

ನನ್ನ ಹೆಂಡತಿಯ ಹೆಸರಿನ ಕೊನೆಗೆ ‘ಅವ್ವ’ ಇದೆ. ಶಾಲೆಯ ಸರ್ಟಿಫಿಕೇಟು, ರೇಷನ್ ಕಾರ್ಡು, ತವರಿನಿಂದ ಬಂದ ಎರಡು ಎಕರೆ ಹೊಲದ ಪಹಣಿ, ಎಲ್ಲದರಲ್ಲೂ ಅವ್ವ. ಸೈನ್ಯದ ದಾಖಲೆಯಲ್ಲಿ ಮಾತ್ರ ಆಕೆ ‘ಬಾಯಿ’. ಪೂರ್ತಿ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಈಗಾಗಲೇ ಸಾಕಷ್ಟು ಕಚೇರಿಗಳಲ್ಲಿ ಕೆಡಿಸಿ ಬಂದಿದ್ದೇನೆ. ಎರಡಕ್ಷರ ಸರಿಮಾಡಲು ಹೋಗಿ ಹನ್ನೊಂದು ಸಾವಿರ ರೂಪಾಯಿ ಹೋಯಿತು, ಹದಿನಾಲ್ಕು ತಿಂಗಳು ಹೋಯಿತು. ಹೇಗೆ ಹೋಯಿತು ಅಂತ ಹೇಳುತ್ತೇನೆ, ನಮ್ಮ ಮಾಜಿ ಸೈನಿಕರು ಮತ್ತು ಅವರ ಮನೆಯವರು ಓದಿಕೊಳ್ಳಲಿ.

ನಾನು 1988ರಲ್ಲಿ ಸೇರಿ 2006ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದವನು. 1993ರಲ್ಲಿ ಮದುವೆ. ರಜೆ ಮುಗಿಸಿ ಯೂನಿಟ್ಟಿಗೆ ಹೋದಾಗ ಪಂಚಾಯ್ತಿಯವರು ಬರೆದುಕೊಟ್ಟ ಕಾಗದ ಒಯ್ದಿದ್ದೆ. ಮದುವೆ, ಮಕ್ಕಳ ಹುಟ್ಟು ಇಂಥದ್ದೆಲ್ಲ ಪಾರ್ಟ್ ಟೂ ಆರ್ಡರ್‌ನಲ್ಲಿ ಪ್ರಕಟವಾಗಿ ಸರ್ವಿಸ್ ದಾಖಲೆಗೆ ಸೇರುತ್ತದೆ, ಗೊತ್ತಿದ್ದವರಿಗೆ ಗೊತ್ತು. ಕಂಪನಿ ಕ್ಲಾರ್ಕು ಮಹಾರಾಷ್ಟ್ರದ ಕಡೆಯವನು. ‘ಬೀವಿ ಕಾ ನಾಮ್?’ ಅಂತ ಕೇಳಿದ, ನಾನು ಹೇಳಿದೆ. ಅವನ ಕಿವಿಗೆ ಹೆಣ್ಣುಮಕ್ಕಳ ಹೆಸರು ಅಂದರೆ ಬಾಯಿ, ಹಾಗೇ ಬರೆದುಕೊಂಡ. ಸೇವೆ ಮುಗಿಸಿ ಬರುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿಗೆ ಅದೇ ಹೋಯಿತು, ಅಲ್ಲಿಂದ ಪಿಪಿಒಗೂ, ಅಂದರೆ ಪಿಂಚಣಿ ಮಂಜೂರಾತಿ ಆದೇಶಕ್ಕೂ, ಬಂತು. ನೋಡಿದ್ದೆ. ಒಂದು ಹೆಸರಿನಿಂದ ಏನಾಗುತ್ತದೆ ಅಂತ ಬಿಟ್ಟೆ.

ಏನಾಗುತ್ತದೆ ಅಂತ ತೋರಿಸಿದ್ದು 2021. ಕೊರೋನಾ ಎರಡನೇ ಅಲೆಯಲ್ಲಿ ನನ್ನ ಜೊತೆಗಾರನೊಬ್ಬ ತೀರಿಕೊಂಡ. ಅವನ ಪಿಪಿಒದಲ್ಲಿ ಹೆಂಡತಿಯ ಹೆಸರು ಮದುವೆಗೆ ಮುಂಚಿನದು, ಬ್ಯಾಂಕು ಮತ್ತು ಆಧಾರಿನಲ್ಲಿ ಗಂಡನ ಮನೆಯಲ್ಲಿ ಇಟ್ಟದ್ದು. ನಮ್ಮ ಕಡೆ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸುವುದು ಇದ್ದದ್ದೇ. ಕುಟುಂಬ ಪಿಂಚಣಿ ಕೈಗೆ ಬರಲು ಆ ತಾಯಿ ಎಂಟು ತಿಂಗಳು ಓಡಾಡಿದಳು. ‘ಇದು ನನ್ನ ಹೆಂಡತಿಯೇ’ ಅಂತ ಹೇಳಬೇಕಾದವನು ಫೋಟೋದಲ್ಲಿದ್ದ. ಹಾಲು ಮಾರಿ ಮನೆ ನಡೆಸಿದಳು. ಅದನ್ನು ಕಂಡ ಮೇಲೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮುಂದೆ ಪಿಂಚಣಿ ಬ್ಯಾಂಕಿನಿಂದ ಸ್ಪರ್ಶ್‌ಗೆ, ಅಂದರೆ ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ, ವರ್ಗವಾಯಿತು. ಅಲ್ಲಿ ಹೆಸರುಗಳೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಎದ್ದು ಕಾಣತೊಡಗಿದವು. ಅವಸರ ಆಯಿತು, ಅವಸರದಲ್ಲೇ ಕೆಟ್ಟೆ.

ಕಾಗದಪತ್ರ ಮಾಡಿಸಿಕೊಡುವ ಏಜೆಂಟನೊಬ್ಬ ಸಿಕ್ಕಿದ್ದು ಸೈನಿಕರ ಕ್ಯಾಂಟೀನ್ ಸಾಲಿನಲ್ಲಿ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಬಾಯಲ್ಲಿ ‘ಸುಬೇದಾರ ಸಾಹೇಬ್ರ’. ನಾನು ಹವಾಲ್ದಾರ್ ಅಂದರೂ ಬಿಡಲಿಲ್ಲ, ಬಡ್ತಿ ಕೊಟ್ಟೇ ಮಾತಾಡಿದ. ತಾನೂ ಸರ್ವಿಸ್ ಮಾಡಿದವನೇ ಅಂದ. ಯಾವ ಯೂನಿಟ್ ಅಂತ ಕೇಳಿದರೆ ಚಹಾ ತರಿಸಿದ. ಆಗಲೇ ನಾನು ಎದ್ದು ಬರಬೇಕಿತ್ತು.

‘ಪಿಪಿಒ ತಿದ್ದಿಸೂದು ಎರಡ್ ವರ್ಷದ ಕೆಲಸರಿ. ಆಧಾರ್ ತಿದ್ದಿಸೂದು ಎರಡ್ ದಿವಸದ್ದು. ಗುಡ್ಡ ಸರಿಸಾಕ ಆಗೂದಿಲ್ಲ, ನಾವ ಸರೀಬೇಕು’ ಅಂದ. ಕೇಳಲು ಎಷ್ಟು ಸರಿ ಅನ್ನಿಸಿತು ಅಂದರೆ, ಅವತ್ತೇ ಮುಂಗಡ ಕೊಟ್ಟೆ.

ನೋಟರಿ ಅಫಿಡವಿಟ್ ಮಾಡಿಸಿದ, ಪೇಪರಿನಲ್ಲಿ ನಾಲ್ಕು ಸಾಲಿನ ಜಾಹೀರಾತು ಹಾಕಿಸಿದ: ಇಂಥ ‘ಅವ್ವ’ ಆದ ನಾನು ಇನ್ನು ಮುಂದೆ ‘ಬಾಯಿ’ ಎಂದು ಕರೆಯಿಸಿಕೊಳ್ಳತಕ್ಕದ್ದು. ಇನ್ನೇನು ಕಾಗದ ಜೋಡಿಸಿದನೋ, ಆಧಾರಿನಲ್ಲಿ ಹೆಸರು ಬದಲಾಯಿತು. ಹೆಬ್ಬೆಟ್ಟು ಒತ್ತಲು ಹೋದವಳು ಕೇಳಿದಳು, ‘ಅಲ್ರೀ, ನಾ ಯಾವಾಗ ಬಾಯಿ ಆದೆ?’ ನಾನು ಗದರಿಸಿದೆ. ಆ ಮಾತಿಗೆ ಇವತ್ತೂ ಮುಖ ತಗ್ಗಿಸುತ್ತೇನೆ.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದರು. ಹೊಲದ ಯಜಮಾನಿ ಅವ್ವ, ಆಧಾರಿನವಳು ಬಾಯಿ. ‘ಇವರು ಯಾರ್ರೀ?’ ಅಂದರು. ನನ್ನ ಪಕ್ಕದಲ್ಲೇ ನಿಂತಿದ್ದವಳು ತನ್ನದೇ ಹೊಲಕ್ಕೆ ಬೇರೆಯವಳಾದಳು. ಅದಾದ ಮೇಲೆ ಬ್ಯಾಂಕಿನ ಕೆವೈಸಿ, ಪ್ಯಾನ್, ಒಂದಾದ ಮೇಲೊಂದು. ಒಂದು ಕಡೆ ತಪ್ಪಿದ್ದದ್ದು ಈಗ ಎಲ್ಲ ಕಡೆ ತಪ್ಪಾಯಿತು.

ಎರಡನೆಯ ಹೊಡೆತ ನವೆಂಬರಿನಲ್ಲಿ. ಜೀವನ ಪ್ರಮಾಣಪತ್ರಕ್ಕೆಂದು ಸ್ಪರ್ಶ್‌ಗೆ ಹೋದರೆ ಒಟಿಪಿ ಬರಲೇ ಇಲ್ಲ. ವಿಚಾರಿಸಿದರೆ ನನ್ನ ಖಾತೆಯಲ್ಲಿದ್ದ ಮೊಬೈಲ್ ನಂಬರು ಆ ಮನುಷ್ಯನದು! ‘ನಿಮಗ ತ್ರಾಸ ಯಾಕಂತ ನಂದ ಹಾಕೇನ್ರಿ’ ಅಂದ, ಏನೂ ಆಗದವನ ಹಾಗೆ. ಪಾಸ್‌ವರ್ಡ್ ಬರೆದುಕೊಟ್ಟವನು ನಾನೇ. ದುಡ್ಡು ಹೋಗಲಿಲ್ಲ, ಅದು ನನ್ನ ಜಾಣತನ ಅಲ್ಲ. ಹದಿನೆಂಟು ವರ್ಷ ಪಹರೆ ಮಾಡಿದವನು ಬೀಗದ ಕೈ ಚಹಾದಂಗಡಿಯಲ್ಲಿ ಕೊಟ್ಟು ಬಂದಿದ್ದೆ.

ಸಿಟ್ಟಿನಲ್ಲಿ ನಾನೇ ಸೈನಿಕರ ಸರ್ವಿಸ್ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ, ಹೆಸರು ಅವ್ವ ಅಂತ ಸರಿಮಾಡಿ ಎಂದು ಅರ್ಜಿ ಬರೆದೆ. ಜೊತೆಗೆ ಕೈಯಲ್ಲಿದ್ದ ಹಳೆಯ ಅಫಿಡವಿಟ್ಟನ್ನೇ ಪಿನ್ ಮಾಡಿ ಕಳಿಸಿದೆ, ಬುದ್ಧಿಗೇಡಿತನ ನೋಡಿ. ಉತ್ತರ ಬಂತು: ಅಫಿಡವಿಟ್ ಪ್ರಕಾರ ಹೆಸರು ಬಾಯಿ, ದಾಖಲೆಯಲ್ಲೂ ಬಾಯಿ, ಆದ್ದರಿಂದ ಕ್ರಮದ ಅಗತ್ಯವಿಲ್ಲ. ಅವರ ಕಡೆಯಿಂದ ನೋಡಿದರೆ ಅದು ಸರಿಯೇ.

ಆಗ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋದೆ. ಅಲ್ಲಿದ್ದ ಹಿರಿಯರೊಬ್ಬರು ಕಾಗದಗಳನ್ನು ತಿರುವಿ ಒಂದೇ ಪ್ರಶ್ನೆ ಕೇಳಿದರು: ‘ನಿಮಗ ಹೆಸರು ಬದಲಾವಣೆ ಬೇಕೋ, ತಿದ್ದುಪಡಿ ಬೇಕೋ?’ ನನಗೆ ಎರಡೂ ಒಂದೇ ಆಗಿತ್ತು. ಅಲ್ಲ. ಮನುಷ್ಯ ತನ್ನ ಹೆಸರನ್ನೇ ಬೇರೆ ಮಾಡಿಕೊಂಡರೆ ಬದಲಾವಣೆ. ಹೆಸರು ಮೊದಲಿನಿಂದ ಒಂದೇ ಇದ್ದು ಬರೆದವರು ತಪ್ಪಿದ್ದರೆ ತಿದ್ದುಪಡಿ. ತಿದ್ದುಪಡಿಗೆ ಬೇಕಾದದ್ದು ಹೊಸ ಜಾಹೀರಾತಲ್ಲ, ಎಷ್ಟು ಹಳೆಯದು ಸಿಗುತ್ತದೋ ಅಷ್ಟು ಹಳೆಯ ಸಾಕ್ಷಿ.

ಅವರೇ ಹೇಳಿದಂತೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ನನ್ನ 1993ರ ಪಾರ್ಟ್ ಟೂ ಆರ್ಡರ್, ಅದಕ್ಕೆ ಆಧಾರವಾದ ಕಾಗದ, ಶೀಟ್ ರೋಲ್ ಅನ್ನುವ ಸರ್ವಿಸ್ ದಾಖಲೆ, ಇವುಗಳ ದೃಢೀಕೃತ ನಕಲು ಕೇಳಿದೆ. ಕಾಯ್ದೆ 30 ದಿನ ಅನ್ನುತ್ತದೆ, ಸುಮಾರು ಅಷ್ಟರಲ್ಲೇ ಲಕೋಟೆ ಬಂತು. ಬಿಚ್ಚಿದಾಗ ಎರಡು ಕಂಡವು. ನಮ್ಮೂರ ಪಂಚಾಯ್ತಿಯ ಕಾಗದದಲ್ಲಿ ಸ್ಪಷ್ಟವಾಗಿ ಅವ್ವ. ಕ್ಲಾರ್ಕು ತುಂಬಿದ ಫಾರ್ಮಿನಲ್ಲಿ ಬಾಯಿ, ಅದರ ಕೆಳಗೆ ನನ್ನದೇ ಸಹಿ. ಮೂವತ್ತು ವರ್ಷ ಆ ಕ್ಲಾರ್ಕನನ್ನು ಬೈದುಕೊಂಡು ಬಂದವನು ನಾನು.

ನಾವು ಸಣ್ಣವರು, ನಮಗೆ ಮಾತ್ರ ಹೀಗೆ ಅಂತ ತಿಳಿಯಬೇಡಿ. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಹುಟ್ಟಿದ ವರ್ಷ ಸೇನೆಯ ಒಂದು ಶಾಖೆಯಲ್ಲಿ 1950, ಇನ್ನೊಂದರಲ್ಲಿ 1951 ಅಂತ ಇತ್ತು. ಸುಪ್ರೀಂ ಕೋರ್ಟಿಗೆ ಹೋದರು, 2012ರ ಫೆಬ್ರವರಿಯಲ್ಲಿ ಅರ್ಜಿ ವಾಪಸ್ ಪಡೆದರು, ಅದೇ ಮೇ ತಿಂಗಳಲ್ಲಿ ನಿವೃತ್ತರಾದರು. ಸೈನಿಕನ ಸ್ವಂತ ಹುಟ್ಟಿದ ದಿನಾಂಕವನ್ನು ಸೇವೆಯ ಕೊನೆಗೆ ತಿದ್ದಲು ನ್ಯಾಯಾಲಯಗಳು ಒಪ್ಪುವುದು ತೀರ ಕಷ್ಟ. ಅದರ ಆಸೆ ಹುಟ್ಟಿಸುವ ಏಜೆಂಟರಿಗೆ ಒಂದು ಪೈಸೆ ಕೊಡಬೇಡಿ. ಹೆಂಡತಿಯ ಹುಟ್ಟಿದ ದಿನಾಂಕದ ಮಾತು ಬೇರೆ, ಅದು ಪಿಪಿಒದಲ್ಲಿ ಇದೆಯೋ ಇಲ್ಲವೋ ಇವತ್ತೇ ನೋಡಿ. ಕುಟುಂಬ ಪಿಂಚಣಿ 80 ವರ್ಷಕ್ಕೆ ಶೇ 20, 85ಕ್ಕೆ ಶೇ 30 ಹೀಗೆ ಏರುತ್ತದೆ. ದಿನಾಂಕ ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಆಕೆ ವಯಸ್ಸಿನ ಪುರಾವೆ ಹಿಡಿದುಕೊಂಡು ಅಲೆಯಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹೆಸರಿನ ಮೊದಲ ಅವಕಾಶವನ್ನು ಕೆಡಿಸಲು ಬಳಸಿದ್ದೆವು, ಎರಡನೆಯದನ್ನು ಮೊದಲಿದ್ದ ಹಾಗೆ ಮಾಡಲು ಬಳಸಿದೆವು. ಇನ್ನೊಂದು ಅಕ್ಷರ ತಪ್ಪಿದರೂ ವಿಶೇಷ ಅನುಮತಿಗೆ ಅಲೆಯಬೇಕು. ಹಳೆಯ ಅಫಿಡವಿಟ್ ತಪ್ಪು ತಿಳಿವಳಿಕೆಯಿಂದ ಆದದ್ದು ಅಂತ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಹೊಸದು ಮಾಡಿಸಿದೆ. ಅದರ ಜೊತೆ ಡಿಸ್ಚಾರ್ಜ್ ಬುಕ್ಕಿನ ಪುಟಗಳು, ಪಿಪಿಒ, ಜೋಡಿ ಫೋಟೋ, ಶಾಲೆಯ ಸರ್ಟಿಫಿಕೇಟು, ಆ ಪಂಚಾಯ್ತಿ ಕಾಗದ ಸೇರಿಸಿ ಜಿಲ್ಲಾ ಕಚೇರಿಯ ಮೂಲಕ ಕಳಿಸಿದೆ. ರೆಕಾರ್ಡ್ ಆಫೀಸಿನಲ್ಲಿ ದಾಖಲೆ ಸರಿಯಾದ ಮೇಲೆ ಪ್ರಯಾಗರಾಜಿನ ಪಿಂಚಣಿ ಲೆಕ್ಕ ಕಚೇರಿಯಿಂದ ತಿದ್ದುಪಡಿ ಪಿಪಿಒ ಆಗಬೇಕು, ಆಯಿತು. ಅರ್ಜಿ ತಿರಸ್ಕಾರವಾಗಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇತ್ತು. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಲ್ಲಿವರೆಗೆ ಹೋಗುವ ಪ್ರಸಂಗ ನನಗೆ ಬರಲಿಲ್ಲ.

ಪಿಂಚಣಿ ಇಲ್ಲದೆ ಸೇವೆ ಬಿಟ್ಟವರು ಇದ್ದರೆ ನನಗಿಂತ ಅವಸರ ಮಾಡಿ. ಅಂಥವರ ಕಡತಗಳನ್ನು 25 ವರ್ಷವಾದ ಮೇಲೆ ನಾಶಪಡಿಸುವ ನಿಯಮ ಇದೆ. ಕೇಳುವ ಹೊತ್ತಿಗೆ ತಿದ್ದಲು ಕಾಗದವೇ ಇರುವುದಿಲ್ಲ.

ಹೊಸ ಪಿಪಿಒ ಬಂದ ದಿನ ಹೆಂಡತಿಗೆ ಓದಿ ಹೇಳಿದೆ. ‘ನಾ ಮೊದಲ ಹೇಳಿದ್ದೆ’ ಅಂದು ರೊಟ್ಟಿ ಬಡಿಯಲು ಹೋದಳು.

ಹೋದ ತಿಂಗಳು ಕ್ಯಾಂಟೀನಿಗೆ ಹೋದಾಗ ಆ ಮನುಷ್ಯ ಅಲ್ಲೇ ಇದ್ದ. ನನ್ನನ್ನು ನೋಡಿ ಆ ಕಡೆ ತಿರುಗಿದ. ಎದುರಿಗೆ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು, ಮಡಿಲಲ್ಲಿ ಹಳೆಯ ಡಿಸ್ಚಾರ್ಜ್ ಬುಕ್ಕು, ಕೈಯಲ್ಲಿ ಅವನು ತರಿಸಿಕೊಟ್ಟ ಚಹಾ. ಸಾಲು ಬಿಟ್ಟು ಹೋಗಿ ಆಕೆಯ ಪಕ್ಕ ಕುಳಿತೆ.