ಕದ್ರಿ ಹಿಲ್ಸ್‌ನ ಐಷಾರಾಮಿ ಫ್ಲಾಟ್: ಐದು ಮಳೆಗಾಲ ಕಳೆದ ಮೇಲೆ

ಮಂಗಳೂರಿನ ಕದ್ರಿ ಹಿಲ್ಸ್‌ನ ನಮ್ಮ ಬಿಲ್ಡಿಂಗಿನಲ್ಲಿ ಈಗ ಮೂರು ಫ್ಲಾಟ್ ಮಾರಾಟಕ್ಕಿವೆ. ನೋಡಲು ಬಂದವರು ಲಿಫ್ಟಿನಲ್ಲಿ ನನ್ನನ್ನು ಕೇಳುತ್ತಾರೆ, "ಹೇಗುಂಟು ಅಮ್ಮ, ತೆಗೊಳ್ಳಬಹುದಾ?" ಹದಿನಾಲ್ಕನೇ ಮಹಡಿ ಬರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಬರೆಯಲು ಕೂತೆ.

ಬ್ರೋಕರ್‌ಗಳು ಜನರನ್ನು ಕರೆತರುವುದು ಡಿಸೆಂಬರ್, ಜನವರಿಯ ಸಂಜೆ ಐದೂವರೆಗೆ. ಹಾಲ್‌ನ ಪರದೆ ಸರಿಸುತ್ತಾರೆ. ನೆಲದಿಂದ ಮೇಲಿನವರೆಗೂ ಗಾಜು. ಕೆಳಗೆ ಬಿಜೈ, ಉರ್ವದ ತೆಂಗಿನ ತಲೆಗಳು, ಆಚೆ ಫಲ್ಗುಣಿ ನದಿ, ತಣ್ಣೀರುಬಾವಿಯ ಗೆರೆ, ಮತ್ತೆ ಕಡಲು, ಅದರ ಮೇಲೆ ಇಳಿಯುವ ಸೂರ್ಯ. ನಾವು ಒಂದೂವರೆ ಕೋಟಿಗೆ ಹೂಂ ಅಂದದ್ದು ಅದನ್ನು ನೋಡಿಯೇ. ನಮ್ಮ ಯಜಮಾನರ ಬ್ಯಾಂಕ್ ನಿವೃತ್ತಿಯ ಹಣ, ಊರಿನ ಮನೆ ಪಾಲಾದಾಗ ನನಗೆ ಬಂದದ್ದು, ಉಳಿದದ್ದಕ್ಕೆ ಮಗನ ಸಾಲ. ಈಜುಕೊಳ, ಜಿಮ್ ಎಲ್ಲ ಬ್ರೋಷರಿನಲ್ಲಿ ಉಂಟು, ನಾನು ಹೇಳಬೇಕಾಗಿಲ್ಲ.

ಕೀಲಿ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. ಮೇ ತಿಂಗಳ ನಡುವೆ ತೌಕ್ತೆ ಚಂಡಮಾರುತ ಬಂತು. ಆ ರಾತ್ರಿ ಹಾಲಿನ ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಿಂದ ನೀರು ಉಕ್ಕಿ ಸೋಫಾದ ಕಾಲಿನವರೆಗೆ ಹರಿಯಿತು. ಬೆಳಿಗ್ಗೆ ಫೋನ್ ಮಾಡಿದರೆ ಸೈಟ್ ಎಂಜಿನಿಯರ್, "ಚಂಡಮಾರುತ ಅಲ್ವಾ ಮೇಡಂ, ಅದಕ್ಕೆ ಯಾರೇನು ಮಾಡ್ಲಿಕ್ಕಾಗ್ತದೆ?" ಅಂದರು. ನಾನೂ ನಂಬಿದೆ. ಜೂನ್ ಬಂತು. ಚಂಡಮಾರುತವಿಲ್ಲದ, ನಮ್ಮೂರಿನ ಸಾದಾ ಮಳೆ. ನೀರು ಮಾತ್ರ ಅದೇ ದಾರಿಯಲ್ಲಿ ಒಳಗೆ ಬಂತು.

ಅಲ್ಲಿಂದ ಪ್ರತಿ ಮಳೆಗಾಲ ನನ್ನ ಸಂಜೆಯ ಕೆಲಸ ಒಂದೇ. ಹಳೆಯ ಬೈರಾಸುಗಳನ್ನು ಉದ್ದಕ್ಕೆ ಸುತ್ತಿ ಟ್ರ್ಯಾಕಿನೊಳಗೆ ಒತ್ತುವುದು. ಹಾಲಿಗೆ ನಾಲ್ಕು, ಮಲಗುವ ಕೋಣೆಗೆ ಎರಡು. ರಾತ್ರಿ ಎರಡು ಗಂಟೆಗೆ ಎದ್ದು ಹಿಂಡಿ ಬಕೆಟಿಗೆ ಬಿಟ್ಟು ಮತ್ತೆ ಇಡುವುದು. ಬೆಳಿಗ್ಗೆ ಫ್ಯಾನಿನ ಕೆಳಗೆ ಹರಡುವುದು, ಬಿಸಿಲು ಇಲ್ಲವಲ್ಲ. ಪಡುವಣ ಗೋಡೆಗೆ ತಾಗಿದ್ದ ಕಪಾಟಿನಲ್ಲಿ ಅತ್ತೆಯ ಮದುವೆ ಸೀರೆಗೆ ಬೂಷ್ಟು ಹಿಡಿಯಿತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಪ್ಪು ಎಲ್ಲಿ ಅಂತ ಕೊನೆಗೆ ಹೇಳಿಕೊಟ್ಟವರು ಕಿಟಕಿ ಕೆಲಸದ ಒಬ್ಬ ಹುಡುಗ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಷ್ಟು ಎತ್ತರದಲ್ಲಿ ಅದು ಮೇಲಿಂದ ಬೀಳುವುದಿಲ್ಲ, ಕಡಲಗಾಳಿಯ ಜೊತೆ ಅಡ್ಡಕ್ಕೆ ಬಂದು ಗಾಜಿಗೆ ಬಡಿಯುತ್ತದೆ. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಗಾಳಿಯ ಒತ್ತಡಕ್ಕೆ ಆ ನೀರು ಹೊರಗೆ ಹೋಗದೆ ಒಳಗೇ ತುಂಬಿ ಉಕ್ಕುತ್ತದೆ. ಬಾಗಿಲಿನ ಹಾಗೆ ತೆರೆದು ಮುಚ್ಚುವ ಕಿಟಕಿಯಾದರೆ ರಬ್ಬರಿನ ಮೇಲೆ ಒತ್ತಿ ಕೂರುತ್ತದೆ, ಇಷ್ಟು ಸೋರುವುದಿಲ್ಲ. ಎಲ್ಲಕ್ಕಿಂತ ಮೊದಲು ಕಿಟಕಿಯ ಮೇಲೊಂದು ಸಜ್ಜ ಬೇಕಿತ್ತು. ನಮ್ಮಲ್ಲಿ ಒಂದು ಗೇಣಿನ ಸಜ್ಜವೂ ಇಲ್ಲ. ನಮ್ಮ ಊರಿನ ಮನೆಯಲ್ಲಿ ಹಂಚಿನ ಮಾಡು ಗೋಡೆಯಿಂದ ಮೂರು ಅಡಿ ಹೊರಗೆ ಚಾಚಿತ್ತು. ಮುರಕಲ್ಲಿನ ಗೋಡೆ ಆಟಿ ತಿಂಗಳ ಜೋರು ಮಳೆಯಲ್ಲೂ ಒಣಗಿಯೇ ಇರುತ್ತಿತ್ತು. ಕಲಿತ ಆರ್ಕಿಟೆಕ್ಟ್‌ಗೆ ಇದು ಗೊತ್ತಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಮೂರು ವರ್ಷ ಬಿಲ್ಡರ್ ಕಡೆಯವರು ಸಿಲಿಕೋನ್ ಬಳಿದು ಹೋದರು. ನಾಲ್ಕನೇ ವರ್ಷ ಮಗ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಸೆಕ್ಷನ್ 14(3) ಉಲ್ಲೇಖಿಸಿ ಪತ್ರ ಬರೆದ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ತೋರಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಪತ್ರ ಹೋದ ಮೇಲೆ ಹಾಲಿನ ಕಿಟಕಿ ಬದಲಾಯಿತು, ಈಗ ಅಲ್ಲಿ ಒಂದು ಹನಿ ಇಲ್ಲ. ಮಲಗುವ ಕೋಣೆಯದು ಇನ್ನೂ ಬಾಕಿ. ಸಜ್ಜ ನಾವೇ ಹಾಕಿಸುತ್ತೇವೆ ಅಂದರೆ ಬಿಲ್ಡಿಂಗಿನ ಅಂದ ಕೆಡುತ್ತದೆ ಅಂತ ಸಂಘದವರು ಒಪ್ಪಲಿಲ್ಲ. ಈಗ ಕೊಳ್ಳುವವರು ಗಮನಿಸಿ, ಆ ಐದು ವರ್ಷ ನಿಮ್ಮ ನೋಂದಣಿಯ ದಿನದಿಂದ ಶುರುವಾಗುವುದಲ್ಲ. ನೋಂದಣಿ ಶುಲ್ಕವೂ ನಮಗೆ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಮತ್ತೆ ಫ್ಲಾಟ್ 1,850 ಚದರ ಅಡಿ ಎನ್ನುವುದು ಸೂಪರ್ ಬಿಲ್ಟ್‌ಅಪ್, ಅಂದರೆ ಲಿಫ್ಟ್, ಮೆಟ್ಟಿಲಿನಂಥ ಎಲ್ಲರ ಜಾಗದ ಪಾಲೂ ಸೇರಿದ ಲೆಕ್ಕ. ಕಸಬರಿಕೆ ಓಡುವ ನೆಲ 1,290 ಮಾತ್ರ, ಆದರೆ ತಿಂಗಳ ಮೆಂಟೆನೆನ್ಸ್ 7,400 ರೂಪಾಯಿ ಪೂರ್ತಿ 1,850ಕ್ಕೆ.

ಹಾಗಾದರೆ ಬಿಟ್ಟುಹೋಗುತ್ತೀರಾ ಅಂತ ಮಗಳು ಕೇಳಿದಳು. ಇಲ್ಲ. ಯಾಕೆಂದರೆ ಅಡುಗೆಮನೆ.

ಅಡುಗೆಮನೆ ಮೂಡಣಕ್ಕಿದೆ. ತೋರಿಸಲು ಬಂದವರು ಅಲ್ಲಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ, ನಾವೂ ನಿಂತಿರಲಿಲ್ಲ. ಅದರಾಚೆಯ ಯುಟಿಲಿಟಿಯಲ್ಲಿ ಒಂದು ಮಣೆ ಇಟ್ಟಿದ್ದೇನೆ. ಐದೂವರೆಗೆ ಕುಚ್ಚಲಕ್ಕಿ ತೊಳೆದು ಒಲೆಗೇರಿಸಿ, ಕಾಫಿ ಹಿಡಿದು ಅಲ್ಲಿ ಕೂರುತ್ತೇನೆ. ಕೆಳಗೆ ಹಲಸಿನ ಮರಗಳಲ್ಲಿ ಕುಟ್ರು ಹಕ್ಕಿ ಶುರುಮಾಡುತ್ತದೆ. ಗಾಳಿ ಈ ಕಡೆಗಿದ್ದರೆ ಕದ್ರಿ ಮಂಜುನಾಥ ದೇವಸ್ಥಾನದ ಗಂಟೆ ಕೇಳುತ್ತದೆ. ಪಡುವಣದ ಗಾಜಿಗೆ ಮಳೆ ರಪರಪ ಬಡಿಯುವಾಗಲೂ ಈ ಮೂಲೆ ಬೆಚ್ಚಗೆ, ಗಂಜಿಯ ಹಬೆ, ಮುಖಕ್ಕೆ ಒಂದು ಹನಿ ಇಲ್ಲ. ಅನ್ನ ಬೇಯಲು ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ನನ್ನದು.

ಏಳೂವರೆಗೆ ಮೀನಿನ ಅಕ್ಕ ಗೇಟಿಗೆ ಬರುತ್ತಾರೆ. ಬುಟ್ಟಿ ಒಳಗೆ ತರಲು ಅವರಿಗೆ ಬಿಡುವುದಿಲ್ಲ, ಅದು ನನಗೆ ಬೇಸರ. ನಾನೇ ಪಾತ್ರೆ ಹಿಡಿದು ಇಳಿಯುತ್ತೇನೆ. ಜೂನ್, ಜುಲೈಯ 61 ದಿನ ಟ್ರಾಲ್ ಬೋಟುಗಳಿಗೆ ನಿಷೇಧ. ಆಗ ನಾಡದೋಣಿಯ ಬೂತಾಯಿ ಸಿಕ್ಕಿದರೆ ಪುಣ್ಯ. "ನಿಮಗೆ ಅಂತಲೇ ತೆಗೆದಿಟ್ಟೆ" ಅನ್ನುತ್ತಾರೆ. ಸೋಮವಾರ ಮೀನಿಲ್ಲ, ಅವತ್ತು ದೇವಸ್ಥಾನಕ್ಕೆ ನಡೆದೇ ಹೋಗುತ್ತೇವೆ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿ ಇರುವ ಗುಡಿ ಅದು. ಅಲ್ಲಿ ಇಳಿಮಾಡಿನ ಕೆಳಗೆ ನಿಂತು ಮಳೆ ನೋಡುವಾಗ ಪ್ರತಿ ಸಲ ನನಗೆ ನಮ್ಮ ಕಿಟಕಿ ನೆನಪಾಗುತ್ತದೆ. ಪಾರ್ಕೂ ಹತ್ತಿರ. ನಂತೂರು ಸರ್ಕಲ್‌ನ ಟ್ರಾಫಿಕ್ ಮಾತ್ರ ಸಂಜೆ ಹೊತ್ತು ಸಾಕುಬೇಕು ಮಾಡುತ್ತದೆ.

ಕೊಳ್ಳುವ ಮನಸ್ಸಿದ್ದವರು ಅಡ್ವಾನ್ಸ್ ಕೊಡುವ ಮೊದಲು ಜುಲೈಯಲ್ಲಿ ಒಮ್ಮೆ ಬನ್ನಿ, ಬ್ರೋಕರ್ ಬೇಡ ಅಂದರೂ ಬನ್ನಿ. ಪಡುವಣ ಕೋಣೆಯ ಕಿಟಕಿಯ ಕೆಳಗೆ ಗೋಡೆಗೆ ಅಂಗೈ ಒತ್ತಿ ಹಿಡಿದು ನೋಡಿ. ಆಮೇಲೆ ನಮ್ಮ ಅಡುಗೆಮನೆಗೂ ಬನ್ನಿ, ಇನ್ನೊಂದು ಮಣೆ ಉಂಟು.