ಕಣ್ಣಿನ ಫೋಟೋಗೆ ಡೈ ಚುಚ್ಚಿಸಿಕೊಳ್ಳುವ ಮೊದಲು ಇದನ್ನು ಓದಿ

ಶುಗರ್ ಇರುವವರು, ಮನೆಯಲ್ಲಿ ಶುಗರ್ ಇರುವ ಅಪ್ಪ ಅಮ್ಮ ಇರುವವರು ದಯವಿಟ್ಟು ಪೂರ್ತಿ ಓದಿ. ಇನ್ನೂ ಕೋಪ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಶುಗರ್ ಇದ್ದರೆ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ರಕ್ತನಾಳ ಸೋರಬಹುದು. ಅದು ಸೋರುತ್ತಿದೆಯಾ ನೋಡಲು ಆಂಜಿಯೋಗ್ರಫಿ ಬೇಕು ಅಂತ ಕಣ್ಣಾಸ್ಪತ್ರೆಯಲ್ಲಿ ಅಂದರು. "ಸುಮ್ನೆ ಒಂದು ಬಣ್ಣ ಹಾಕಿ ಫೋಟೋ ತೆಗೀತೀವಿ, ಅಷ್ಟೇ." ಕಣ್ಣಿಗೆ ಏನಾದರೂ ಬಿದ್ದು ಗೀರಾದಾಗ ಕಿತ್ತಳೆ ಬಣ್ಣದ ಪಟ್ಟಿ ಮುಟ್ಟಿಸಿ ನೀಲಿ ಬೆಳಕಲ್ಲಿ ನೋಡುತ್ತಾರಲ್ಲ, ನಾನು ಅದೇ ಅಂದುಕೊಂಡೆ. ಡೈ ಅದೇ, ಫ್ಲೋರೆಸೀನ್. ಆದರೆ ಇಲ್ಲಿ ಹಾಕುವುದು ಕಣ್ಣಿಗಲ್ಲ, ಕೈಯ ನರಕ್ಕೆ. ರಕ್ತದ ಜೊತೆ ಇಡೀ ಮೈಗೆ ಹೋಗುತ್ತದೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಈಗ ಮುಖ್ಯ ವಿಷಯ. ಪಾಪೆ ಅಗಲವಾಗುವ ಹನಿ ಹಾಕಿದರು. ಎದುರಿನ ಗೋಡೆ ಗಡಿಯಾರ ಕಾಣುತ್ತಿತ್ತು, ಕೈಯಲ್ಲಿದ್ದ ಕಾಗದದ ಅಕ್ಷರ ಮಾತ್ರ ಪೂರ್ತಿ ಮಂಜು. ಆಗ, ಸರಿಯಾಗಿ ಆಗ, ಒಪ್ಪಿಗೆ ಪತ್ರ ತಂದು ಸಹಿ ಹಾಕಿ ಅಂದರು. "ಓದಕ್ಕಾಗ್ತಿಲ್ಲ" ಅಂದೆ. "ಎಲ್ರೂ ಹಾಕ್ತಾರೆ, ಇಲ್ಲಿ ಹಾಕಿ" ಅಂತ ಬೆರಳಿಟ್ಟು ಜಾಗ ತೋರಿಸಿದರು. ಕಣ್ಣು ಮಂಜು ಮಾಡಿ ಕಾಗದ ಕೊಡುವುದು ಯಾವ ನ್ಯಾಯ? ಅಲರ್ಜಿ ಇದೆಯಾ, ಕಿಡ್ನಿ ಹೇಗಿದೆ, ಒಂದು ಪ್ರಶ್ನೆ ಇಲ್ಲ.

ಸೂಜಿ ಚುಚ್ಚಿದ ಕೂಡಲೇ ಕೈ ಉರಿ. ಕೆಂಡ ಇಟ್ಟ ಹಾಗೆ. "ಉರೀತಿದೆ" ಅಂದರೆ "ಅಲ್ಲಾಡ್ಬೇಡಿ, ಫೋಟೋ ಹಾಳಾಗುತ್ತೆ" ಅಂದರು. ಡೈ ನರದಿಂದ ಹೊರಗೆ ಸೋರಿ ಚರ್ಮದಡಿ ಹಳದಿಯಾಗಿ ಊದಿಕೊಂಡಿತ್ತು. ಸೋರುತ್ತಿದ್ದರೆ ತಕ್ಷಣ ನಿಲ್ಲಿಸಬೇಕು, ಅಲ್ವಾ? ನಿಲ್ಲಿಸಿದ್ದು ನಾನು ಕೂಗಿದ ಮೇಲೆ. ಇನ್ನೊಂದು ಕೈಗೆ ಚುಚ್ಚಿದರು. ಒಂದು ನಿಮಿಷವೂ ಆಗಿರಲಿಲ್ಲ, ಹೊಟ್ಟೆ ತೊಳಸಿ, ಎಲ್ಲರ ಎದುರೇ ವಾಂತಿ. ಆ ಅವಮಾನ ಬೇರೆ.

ಮನೆಗೆ ಬಂದರೆ ಮುಖ ಹಳದಿ, ಮೂತ್ರ ಕಡು ಕಿತ್ತಳೆ. ಕಾಮಾಲೆ ಅಂತ ಮನೆಯವರೆಲ್ಲ ಹೆದರಿದರು. ಫೋನ್ ಮಾಡಿದರೆ "ಅದು ನಾರ್ಮಲ್." ಹೌದು, ನಾರ್ಮಲ್ಲೇ. ಚರ್ಮದ ಹಳದಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಮೂತ್ರದ ಬಣ್ಣ 24ರಿಂದ 36 ಗಂಟೆಯವರೆಗೂ ಇರಬಹುದು. ಮೊದಲೇ ಒಂದು ಮಾತು ಹೇಳಲು ಏನು ಕಷ್ಟ? ಕೈ ಊತದ ಬಗ್ಗೆ ಕೇಳಿದ್ದಕ್ಕೆ ಬಂದ ಉತ್ತರ: "ನೀವೇ ಸಹಿ ಹಾಕಿದ್ದೀರಲ್ಲ."

ಈ ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ಸೋರುವ ನಾಳ ಯಾವುದು ಅಂತ ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ತುಂಬಾ ಜನರಿಗೆ ಏನೂ ಆಗುವುದಿಲ್ಲ. ಆದರೆ ಕೆಲವರಿಗೆ ಮೈಯೆಲ್ಲ ದದ್ದು, ತುರಿಕೆ ಬರುತ್ತದೆ. ಅಪರೂಪಕ್ಕೆ ಉಸಿರು ಕಟ್ಟಿ, ಬಿಪಿ ಕುಸಿದು ಜೀವಕ್ಕೇ ಅಪಾಯ ಬರುತ್ತದೆ. ಹಿಂದೆ ಈ ಡೈಗೆ ಅಲರ್ಜಿ ಆಗಿದ್ದರೆ, ಬಸುರಿಯಾಗಿದ್ದರೆ, ಹಾಲುಣಿಸುತ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಹನಿ ಹಾಕುವ ಮೊದಲೇ ಒಪ್ಪಿಗೆ ಪತ್ರ ಕೇಳಿ ಓದಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅಲರ್ಜಿಯಾದರೆ ಕೊಡುವ ತುರ್ತು ಔಷಧ ಕೋಣೆಯಲ್ಲೇ ಇದೆಯಾ ಕೇಳಿ. ಡೈ ಇಲ್ಲದೆ, ಬರೀ ಬೆಳಕಿನ ಸ್ಕ್ಯಾನ್‌ನಿಂದ ಮಾಡುವ ಓಸಿಟಿ ಆಂಜಿಯೋಗ್ರಫಿ ಸಾಕಾಗುತ್ತದಾ ಅಂತಲೂ ಕೇಳಿ. ಅದರಲ್ಲಿ ಸೋರಿಕೆ ಕಾಣುವುದಿಲ್ಲ, ಆದರೂ ಎಷ್ಟೋ ಸಲ ಅದೇ ಸಾಕು. ನನಗೆ ಅದರ ಹೆಸರನ್ನೂ ಯಾರೂ ಹೇಳಲಿಲ್ಲ. ನಾನು ಸಹಿ ಹಾಕಿದ ಕಾಗದದ ಪ್ರತಿ ಕೇಳಿದ್ದೇನೆ, ಇವತ್ತಿನವರೆಗೂ ಕೊಟ್ಟಿಲ್ಲ.